ಕಿಡ್ನಿ ಕಸಿ ಆಗಿ ಎರಡು ವರ್ಷ ಆಯ್ತು, ಮಾತ್ರೆ ಕಮ್ಮಿ ಮಾಡ್ಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಣ್ಣ ಕಿಡ್ನಿ ಕೊಟ್ಟು ಎರಡು ವರ್ಷ ಆಯ್ತು. ಕಿಡ್ನಿ ಕೆಲಸ ಕುಗ್ಗಿದ್ರೆ ರಕ್ತದಲ್ಲಿ ಏರತ್ತಲ್ಲ, ಆ ಕ್ರಿಯೇಟಿನಿನ್ 1.1 ಇದೆ, ಆರಾಮಾಗಿದೀನಿ. ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ದಿನಾ ಎರಡೆರಡು ಹೊತ್ತು ನುಂಗಿ ಸಾಕಾಗಿದೆ, ಕೈ ಬೇರೆ ನಡುಗತ್ತೆ. ದೇಹ ಇಷ್ಟೊತ್ತಿಗೆ ಒಗ್ಗಿರಲ್ವಾ, ಒಂದೊಂದು ಹೊತ್ತು ಬಿಟ್ರೆ ಏನಾಗತ್ತೆ?

ಉತ್ತರ: ಬಿಡ್ಬೇಡಿ, ದಯವಿಟ್ಟು. ನಿಮ್ಮ 1.1 ನಿಂತಿರೋದೇ ಆ ಮಾತ್ರೆಗಳ ಮೇಲೆ, ಅವು ದೇಹದ ರೋಗನಿರೋಧಕ ಶಕ್ತಿನ ತಗ್ಗಿಸಿ ಕಸಿ ಕಿಡ್ನಿನ ಕಾಯ್ತವೆ. ಅಣ್ಣಂದೇ ಕಿಡ್ನಿ ಆದ್ರೂ ನಿಮ್ಮ ರಕ್ತದಲ್ಲಿರೋ ಟಿ ಕೋಶಗಳಿಗೆ (ಹೊರಗಿಂದ ಬಂದದ್ದರ ಮೇಲೆ ದಾಳಿ ಮಾಡೋ ಕಾವಲು ಕೋಶಗಳು) ಅದು ಹೊರಗಿಂದು, ಎರಡಲ್ಲ ಇಪ್ಪತ್ತು ವರ್ಷ ಆದ್ರೂ ಅವು ಅದನ್ನ ಮರೆಯೋದು ತೀರಾ ಅಪರೂಪ. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವರ ತಂಡ ಮಾಡಿದ ಕಸಿ ಈ ಥರ ಮಾತ್ರೆ ಇಲ್ದೇನೇ ಗೆದ್ದಿದ್ದು ಯಾಕಂದ್ರೆ ಕೊಟ್ಟೋರು ತಗೊಂಡೋರು ತದ್ರೂಪಿ ಅವಳಿಗಳು, ಆ ಅದೃಷ್ಟ ಎಲ್ರಿಗೂ ಇರಲ್ಲ.

ನಂಗೆ ಜಾಸ್ತಿ ಭಯ ಆಗೋದು ಏನಂದ್ರೆ, ರಿಜೆಕ್ಷನ್, ಅಂದ್ರೆ ದೇಹ ಕಸಿ ಕಿಡ್ನಿನ ತಿರಸ್ಕರಿಸೋದು, ಶುರುವಾದಾಗ ಬಹಳ ಸಲ ನೋವೂ ಇರಲ್ಲ ಜ್ವರಾನೂ ಇರಲ್ಲ, ಡೋಸ್ ತಪ್ಪಿಸ್ತಾ ಹೋದ್ರೆ ದೇಹ ಆ ಕಿಡ್ನಿ ವಿರುದ್ಧ ಆಂಟಿಬಾಡಿ ಅನ್ನೋ ದಾಳಿ ಮಾಡೋ ಪ್ರೋಟೀನ್ ಕಟ್ಕೊಳ್ಳತ್ತೆ, ಒಂದ್ಸಲ ಕಟ್ಕೊಂಡ್ರೆ ಅದನ್ನ ತೆಗೆಯೋದು ತುಂಬಾ ಕಷ್ಟ, ಕ್ರಿಯೇಟಿನಿನ್ ಏರೋ ಹೊತ್ತಿಗೆ ಎಷ್ಟೋ ಹಾನಿ ಆಗೋಗಿರತ್ತೆ.

ಕೈ ನಡುಗೋದನ್ನ ಮಾತ್ರ ಸುಮ್ನೆ ಸಹಿಸ್ಕೋಬೇಡಿ. ರಕ್ತದಲ್ಲಿ ಟ್ಯಾಕ್ರೊಲಿಮಸ್ ಲೆವೆಲ್ ಜಾಸ್ತಿ ಆದಾಗ ಹಾಗಾಗತ್ತೆ, ಲೆವೆಲ್ ನೋಡಿ ನಿಮ್ಮ ಡಾಕ್ಟ್ರೇ ಡೋಸ್ ಇಳಿಸ್ಬಹುದು. ಆದ್ರೆ ಆ ಟೆಸ್ಟ್ ಸರಿಯಾಗಿ ಕೊಡ್ಬೇಕು, ರಾತ್ರಿ 8ಕ್ಕೆ ಮಾತ್ರೆ ತಗೊಂಡ್ರೆ ಬೆಳಿಗ್ಗೆ 8ಕ್ಕೆ ರಕ್ತ ಕೊಡಿ, ಬೆಳಗಿನ ಮಾತ್ರೆ ಜೇಬಲ್ಲಿಟ್ಕೊಂಡು ಹೋಗಿ, ಸೂಜಿ ತೆಗೆದ್ಮೇಲೆ ನುಂಗಿ. ಮೊದ್ಲೇ ನುಂಗಿ ಹೋದ್ರೆ ಲೆವೆಲ್ ಸುಳ್ಳೇ ಜಾಸ್ತಿ ತೋರ್ಸತ್ತೆ, ಅದನ್ನ ನಂಬಿ ಡೋಸ್ ಇಳಿಸಿದ್ರೆ ಕಿಡ್ನಿಗೆ ಕಾವಲೇ ಇಲ್ದಂಗಾಗತ್ತೆ.

ಬೇರೆ ಮಾತ್ರೆಗಳೂ ಈ ಲೆವೆಲ್‌ನ ಕೆಡಿಸ್ತವೆ. ಫಂಗಸ್‌ಗೆ ಕೊಡೋ ಫ್ಲುಕೊನಜೋಲ್, ಆಂಟಿಬಯಾಟಿಕ್ ಕ್ಲಾರಿತ್ರೊಮೈಸಿನ್ ಏರಿಸ್ತವೆ, ಟಿಬಿಗೆ ಕೊಡೋ ರಿಫಾಂಪಿಸಿನ್ ಪಾತಾಳಕ್ಕೆ ಇಳಿಸತ್ತೆ. ಭೇದಿ ಆದ್ರೂ ಏರ್ಬಹುದು. ಹಾಗಾಗಿ ಬೇರೆ ಯಾವ ಡಾಕ್ಟ್ರ ಹತ್ರ ಹೋದ್ರೂ ಕಸಿ ಆಗಿದೆ ಅಂತ ಮೊದ್ಲೇ ಹೇಳಿ. ಡೈಕ್ಲೋಫಿನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ನೀವಾಗೇ ತಗೋಬೇಡಿ.

ಈಗಾಗ್ಲೇ ಡೋಸ್ ಬಿಟ್ಟಿದ್ರೆ ಮುಚ್ಚಿಡದೆ ಇವತ್ತೇ ಕಸಿ ತಂಡಕ್ಕೆ ಫೋನ್ ಮಾಡಿ ಹೇಳ್ಬಿಡಿ, ಸರಿದೂಗಿಸೋಕೆ ಅಂತ ಎರಡು ಡೋಸ್ ಒಟ್ಟಿಗೆ ಮಾತ್ರ ನುಂಗ್ಬೇಡಿ.