ಹಳೇ ಡೆಸ್ಕ್‌ಟಾಪೇ ಸಾಕಾ, ರೆಡಿ ನಾಸ್ ಬೇಕಾ?

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮ ಮನೆ. ಮನೆಯಲ್ಲೇ ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ ಫೋಟೊ, ವಿಡಿಯೊ ಸೇರಿ 3 ಟಿಬಿ ಆಗಿದೆ. ಐದಾರು ಹಾರ್ಡ್‌ಡಿಸ್ಕ್‌ಗಳಲ್ಲಿ ಚೆಲ್ಲಾಪಿಲ್ಲಿಯಾಗಿದೆ. ನಾನು, ನನ್ನ ಹೆಂಡತಿ ಇಬ್ಬರೂ ಎಡಿಟಿಂಗ್ ಮಾಡುತ್ತೇವೆ. ಹಳೇ ಡೆಸ್ಕ್‌ಟಾಪ್ ಒಂದು ಸುಮ್ನೆ ಬಿದ್ದಿದೆ. ಅದನ್ನೇ ನಾಸ್ (ಮನೆಯ ಎಲ್ಲ ಕಂಪ್ಯೂಟರ್‌ಗಳೂ ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆ) ಮಾಡಿಕೊಳ್ಳಲಾ, ರೆಡಿ ಇರೋದನ್ನೇ ಕೊಳ್ಳಲಾ?

ಉತ್ತರ: ರೆಡಿ ನಾಸನ್ನೇ ತಗೊಳ್ಳಿ, ಎರಡು ಡಿಸ್ಕ್ ಹಿಡಿಯುವಂಥದ್ದು. ಡೆಸ್ಕ್‌ಟಾಪ್‌ನಲ್ಲಿ ಆಗಲ್ಲ ಅಂತಲ್ಲ. ಕಂಪ್ಯೂಟರನ್ನು ನಾಸ್ ಆಗಿಸುವ ಓಪನ್‌ಮೀಡಿಯಾವಾಲ್ಟ್, ಟ್ರೂನಾಸ್ ಎಂಬ ಸಾಫ್ಟ್‌ವೇರ್ ಎರಡೂ ಉಚಿತವಾಗಿ ಸಿಗುತ್ತವೆ. ಟ್ರೂನಾಸ್‌ಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, ಅಷ್ಟೇ. ಲಿನಕ್ಸ್ ಗೊತ್ತಿದ್ದು, ಆ ಕೆಲಸದಲ್ಲೇ ಖುಷಿ ಪಡುವವರಿಗೆ ಕಟ್ಟಿಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ನೀವು ಮನೆಯಲ್ಲಿ ಇಲ್ಲದಾಗ ಅದನ್ನು ನೋಡಿಕೊಳ್ಳುವವರು ಯಾರು?

ನಾನೂ ಎರಡು ವರ್ಷ ಹಳೇ ಡೆಸ್ಕ್‌ಟಾಪನ್ನೇ ನಾಸ್ ಮಾಡಿ ಓಡಿಸಿದವನು. ಒಮ್ಮೆ ಊರಲ್ಲಿ ಇರಲಿಲ್ಲ. ಕರೆಂಟ್ ಹೋಗಿ ಬಂತು. ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ, ಫೈಲ್ ಮಾತ್ರ ಕಾಣಲ್ಲ ಅಂತ ಮನೆಯಿಂದ ಫೋನ್. ಬಂದು ಮಾನಿಟರ್ ಜೋಡಿಸಿದರೆ, ಮುಂದುವರಿಯಲು ಎಫ್1 ಒತ್ತಿ ಅಂತ ಕಾಯುತ್ತಾ ಕೂತಿತ್ತು! ಮದರ್‌ಬೋರ್ಡ್ ಮೇಲಿನ ನಾಣ್ಯದಷ್ಟು ಸೆಲ್ ಸತ್ತಿತ್ತು. ಹೊಸದು ಹಾಕಿದ ಮೇಲೆ ಸರಿಹೋಯಿತು. ನೀವು ಕುರುಗೋಡಿನಲ್ಲಿ ತಾಳಿ ಕಟ್ಟುವ ಫೋಟೊ ತೆಗೆಯುತ್ತಿರುವಾಗ ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಡೋಕಾಗಲ್ಲ, ಅಲ್ವಾ?

ಕರೆಂಟ್ ಖರ್ಚೂ ಇದೆ. ಡೆಸ್ಕ್‌ಟಾಪ್ 60 ವ್ಯಾಟ್ ಎಳೆದರೆ, ಹಗಲು ರಾತ್ರಿ ಇಟ್ಟಾಗ ತಿಂಗಳಿಗೆ 43 ಯೂನಿಟ್. 20 ವ್ಯಾಟ್‌ನ ನಾಸ್‌ಗೆ 14 ಸಾಕು.

ಡಿಸ್ಕ್ ಮೇಲೆ ಬರೆಯುವ ವಿಧಾನ ಎರಡಿವೆ, ಸಿಎಂಆರ್ ಮತ್ತು ಎಸ್‌ಎಂಆರ್. ಕೊಳ್ಳುವಾಗ ಸಿಎಂಆರ್ ಅಂತ ಇರೋದನ್ನೇ ಕೇಳಿ. ಎಸ್‌ಎಂಆರ್ ಡಿಸ್ಕ್ ಜಾಸ್ತಿ ಬರೆಯುವಾಗ ತುಂಬಾ ನಿಧಾನ. ಈಗಲೇ 3 ಟಿಬಿ ಇದೆ, ಹಾಗಾಗಿ 8 ಟಿಬಿಯ ಎರಡು ಹಾಕಿ. ರೇಡ್ 1 ಮಾಡಿದರೆ ಬಳಕೆಗೆ ಸಿಗೋದು 8 ಮಾತ್ರ, ಇನ್ನೊಂದು ಅದರದೇ ನಕಲು.

ನಮ್ಮ ಬಿಸಿಲನ್ನು ಮರೆಯಬೇಡಿ. ಮೇನಲ್ಲಿ ಹೊರಗೇ 40 ದಾಟುತ್ತದೆ. ಡಿಸ್ಕ್‌ನ ಬಿಸಿ 45 ಡಿಗ್ರಿ ಒಳಗಿದ್ದರೆ ನೆಮ್ಮದಿ. ಬೀರು, ಶೋಕೇಸ್ ಒಳಗೆ ಇಡಲೇಬೇಡಿ. ಹಿಂದಿನ ಫ್ಯಾನ್‌ಗೆ ಧೂಳು ಕಂಬಳಿಯ ಹಾಗೆ ಹತ್ತಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಆಫ್ ಮಾಡಿ ಬ್ರಷ್‌ನಿಂದ ತೆಗೆಯಿರಿ. ಮನೆಗೆ ಇನ್ವರ್ಟರ್ ಇದ್ದರೂ ನಾಸ್‌ಗೆ ಯುಎಸ್‌ಬಿ ಕೇಬಲ್ ಇರುವ ಸಣ್ಣ ಯುಪಿಎಸ್ ಕೊಡಿ. ಬ್ಯಾಟರಿ ಇಳಿದರೆ ನಾಸ್ ತಾನೇ ಸರಿಯಾಗಿ ಆಫ್ ಆಗುತ್ತದೆ. ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದು ನಾಸನ್ನು ಇಂಟರ್ನೆಟ್‌ಗೆ ಬಿಡಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ಕಳ್ಳ ಸಾಫ್ಟ್‌ವೇರ್) ಹಾಗೆ ತೆರೆದಿಟ್ಟ ನಾಸ್‌ಗಳಿಗೇ ಬೀಗ ಹಾಕಿತ್ತು.

ರೇಡ್ ಅಂದರೆ ಬ್ಯಾಕಪ್ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಕೈತಪ್ಪಿ ಒಂದು ಮದುವೆಯ ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಿಂದ ಆ ಕ್ಷಣವೇ ಹೋಗುತ್ತದೆ. ಅವರ ಮದುವೆ ಮತ್ತೊಮ್ಮೆ ಆಗುವುದಿಲ್ಲ. ನಿಮ್ಮ ಹಳೇ ಡೆಸ್ಕ್‌ಟಾಪ್ ಬೇಕಾಗೋದು ಇಲ್ಲೇ. ಅದಕ್ಕೊಂದು ದೊಡ್ಡ ಡಿಸ್ಕ್ ಹಾಕಿ. ಭಾನುವಾರ ಆನ್ ಮಾಡಿ, ನಾಸ್‌ನಿಂದ ಕಾಪಿ ಮಾಡಿಕೊಂಡು, ಪ್ಲಗ್ ಕಿತ್ತಿಡಿ. ಗಿಗಾಬಿಟ್ ಕೇಬಲ್‌ನಲ್ಲೂ ಮೊದಲ ಸಲ 3 ಟಿಬಿಗೆ ಏಳೆಂಟು ಗಂಟೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಆಮೇಲೆ ಆ ವಾರ ಹೊಸದಾಗಿ ಸೇರಿದ್ದಷ್ಟೇ.