ಓದುಗರ ಪ್ರಶ್ನೆ: ಕಾನ್ಯಾಚ್ಚೊ ಮರೆಯಾದದ್ದು ಏಕೆ?

ಪ್ರಶ್ನೆ: ಇಟಲಿಯ ಚಿತ್ರಕಾರ ಕಾನ್ಯಾಚ್ಚೊ ದಿ ಸಾನ್ ಪಿಯೆತ್ರೊ ಇಷ್ಟು ಕಾಲ ಮರೆಯಲ್ಲಿದ್ದದ್ದೇಕೆ? ಮುಸ್ಸೊಲಿನಿಯ ಫ್ಯಾಸಿಸ್ಟರು ನಿಷೇಧಿಸಿದ್ದರಂತೆ, ಹೌದೇ?

ಎಲ್ಲರೂ ಕೇಳುವುದು ಇದನ್ನೇ. ನಿಷೇಧದ ಕಥೆ ರೀಲ್ಸ್‌ನವರು ಹಬ್ಬಿಸಿದ್ದು. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ. ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಪ್ರದರ್ಶನ ವೆನಿಸ್ ಬಿನಾಲೆ; 1928ರಲ್ಲಿ ಅದರ ಆಯ್ಕೆ ಸಮಿತಿ ಆತನ ‘ಮೋಜುಕೂಟದ ನಂತರ’ ಎಂಬ ಒಂದು ಚಿತ್ರವನ್ನು ತಿರಸ್ಕರಿಸಿತು, ಅಷ್ಟೆ. ಅದೇ ಫ್ಯಾಸಿಸ್ಟ್ ಆಡಳಿತದಲ್ಲಿ ಬೇರೆ ವರ್ಷಗಳ ಬಿನಾಲೆಗಳಲ್ಲಿ ಆತನ ಚಿತ್ರಗಳಿದ್ದವು.

ಮೊದಲು ಆ ಚಿತ್ರವನ್ನು ಸಾವಧಾನವಾಗಿ ನೋಡಿ. ನೆಲದ ಮೇಲೆ ಮೂವರು ಬೆತ್ತಲೆ ಹೆಂಗಸರು ನಿದ್ದೆಹೋಗಿದ್ದಾರೆ. ಸುತ್ತ ಬಾಟಲಿ, ಇಸ್ಪೀಟ್ ಎಲೆ, ಸಿಗರೇಟ್ ತುಂಡು. ಗಂಡಸು ಒಬ್ಬನೂ ಕಾಣುವುದಿಲ್ಲ. ಬಿಟ್ಟುಹೋದ ಟೋಪಿ, ಕೈಗವಸು, ಅಂಗಿಯ ತೋಳಪಟ್ಟಿ ಮಾತ್ರ ಉಳಿದಿವೆ. ಆ ಪಟ್ಟಿಯ ಕಫ್‌ಲಿಂಕ್ ಮೇಲೆ ಫ್ಯಾಸಿಸ್ಟರ ಲಾಂಛನ: ಕೊಡಲಿ ಸಿಕ್ಕಿಸಿದ ಕೋಲುಗಳ ಕಟ್ಟು. ಬಂದುಹೋದವರು ಯಾರೆಂದು ಇದಕ್ಕಿಂತ ಬಿಡಿಸಿ ಹೇಳಬೇಕೆ? ಬರೀ ಮೈ ನೋಡಿ ‘ಅಶ್ಲೀಲ’ ಎಂದು ಪತ್ರ ಬರೆದವರು ಈ ಗುಂಡಿಯನ್ನು ನೋಡಿಯೇ ಇಲ್ಲ.

ಮರೆವಿನ ಕಾರಣ ಬೇರೆ. ಆತ 1946ರಲ್ಲಿ ತೀರಿಕೊಂಡ. ಯುದ್ಧ ಮುಗಿದ ಮೇಲೆ ವಿಮರ್ಶಕರ ಕಣ್ಣು ಬರೀ ಬಣ್ಣ, ಗೆರೆ, ಆಕಾರಗಳ ಅಮೂರ್ತ ಕಲೆಯ ಕಡೆ ಹೊರಳಿತು. ಇಪ್ಪತ್ತರ ದಶಕದ ಅಚ್ಚುಕಟ್ಟಾದ ಆಕೃತಿ ಚಿತ್ರಗಳೆಂದರೆ ಫ್ಯಾಸಿಸಂನ ವಾಸನೆ ಎಂಬ ಭಾವನೆ ಬಲವಾಯಿತು. ಪಕ್ಷ ಸೇರಲು ಒಪ್ಪದಿದ್ದ ಈತನೂ ಅದೇ ಮೂಟೆಯೊಳಗೆ ಸೇರಿಹೋದ. ಇದು ನನಗೆ ಇಂದಿಗೂ ನೋವಿನ ಸಂಗತಿ. 1980ರ ಕೊನೆಗೆ ಪ್ಯಾರಿಸ್‌ನ ಕಲಾ ಸಂಗ್ರಹಾಲಯ ಪಾಂಪಿಡು ಕೇಂದ್ರ ಎರಡು ಮಹಾಯುದ್ಧಗಳ ನಡುವಣ ವಾಸ್ತವವಾದದ ಪ್ರದರ್ಶನ ಏರ್ಪಡಿಸಿದ ಮೇಲೆ ಆ ತಲೆಮಾರಿನತ್ತ ಗಮನ ಮರಳಿತು. 2017ರಲ್ಲಿ ಇಟಲಿಯ ರೊವೆರೆತೊದಲ್ಲಿ ನಡೆದ ಮಾಂತ್ರಿಕ ವಾಸ್ತವವಾದದ (ದಿನನಿತ್ಯದ್ದನ್ನೇ ಅತಿ ಸ್ಪಷ್ಟವಾಗಿ ಬರೆದು ವಿಚಿತ್ರವೆನಿಸುವಂತೆ ಮಾಡುವ ಶೈಲಿಯ) ಪ್ರದರ್ಶನ ಹೆಲ್ಸಿಂಕಿ, ಎಸ್ಸೆನ್‌ಗೂ ಹೋಯಿತು. ಹೀಗೆ ದಶಕಗಟ್ಟಲೆ ನಡೆದ ಕೆಲಸವನ್ನು ‘ನಿನ್ನೆ ಪತ್ತೆಯಾದ ಪ್ರತಿಭೆ’ ಎನ್ನುವುದು ಅನ್ಯಾಯ.

ಪ್ರಶ್ನೆ: ನತಾಲೆ ಸ್ಕಾರ್ಪ ಎಂಬುವನು ಬೇರೆಯವನೇ?

ಅಲ್ಲ, ಇವನೇ; ಅದು ಕಾನ್ಯಾಚ್ಚೊನ ನಿಜ ಹೆಸರು. 1897ರಲ್ಲಿ ಹುಟ್ಟಿದ್ದು ದೆಸೆನ್ಸಾನೊದಲ್ಲಿ, ಬೆಳೆದದ್ದು ವೆನಿಸ್ ಹಿನ್ನೀರಿನ ಸಾನ್ ಪಿಯೆತ್ರೊ ಇನ್ ವೋಲ್ತಾದಲ್ಲಿ.

ಪ್ರಶ್ನೆ: ಆತನ ಚಿತ್ರವೆಲ್ಲ ಫೋಟೊ ಥರವೇ ಇದೆಯಲ್ಲ, ಇದರಲ್ಲಿ ಕಲೆ ಎಲ್ಲಿ?

ಆತನ ಚಿತ್ರಗಳಲ್ಲಿರುವಂತೆ ಹತ್ತಿರದ್ದೂ ದೂರದ್ದೂ ಒಂದೇ ಹದದಲ್ಲಿ ಚೂಪಾಗಿ ಕಾಣುವ ನಿಮ್ಮ ಮನೆಯ ಫೋಟೊ ಒಂದನ್ನು ಹುಡುಕಿ, ಆಮೇಲೆ ಬರೆಯಿರಿ.

ಪ್ರಶ್ನೆ: ಹಳೆಯ ತೈಲಚಿತ್ರವೊಂದು ಸಿಕ್ಕಿದೆ. ಇದು ಆತನದೇ ಎಂದು ಮೊಬೈಲ್ ಆ್ಯಪ್ ಹೇಳುತ್ತಿದೆ. ಆಲೂಗಡ್ಡೆ ಹೋಳಿನಿಂದ ಒರೆಸಿ ಇಟ್ಟಿದ್ದೇನೆ.

ಆ್ಯಪ್ ಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಯಾರಿಂದ ಯಾರ ಕೈಗೆ ಬಂತು ಎಂಬ ದಾಖಲೆ ಇಲ್ಲದಿದ್ದರೆ ಸಹಿಯೊಂದರಿಂದ ಏನೂ ತೀರ್ಮಾನವಾಗದು. ಆಲೂಗಡ್ಡೆಯನ್ನಂತೂ ಈಗಲೇ ನಿಲ್ಲಿಸಿ! ಅದರ ಪಿಷ್ಟವೂ ತೇವವೂ ಬಣ್ಣದ ಬಿರುಕಿಗಿಳಿದು ಬೂಷ್ಟು ಹಿಡಿಸುತ್ತವೆ. ಚಿತ್ರ ಯಾರದೇ ಆಗಿರಲಿ, ಒಣಬಟ್ಟೆಯನ್ನೂ ತಾಗಿಸದೆ ಕಲಾಕೃತಿ ಸಂರಕ್ಷಣೆ ಬಲ್ಲವರ ಹತ್ತಿರ ಒಯ್ಯಿರಿ.