ಎತ್ತಿಟ್ಟದ್ದೋ, ಬಚ್ಚಿಟ್ಟದ್ದೋ?

ಪಾವಗಡದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಒಂದೂ ಬಿರುಸು ಮಾತಿಲ್ಲದೆ ಬೈಯುವುದು ಹೇಗೆ ಎಂಬುದನ್ನು ನಿಮ್ಮಿಂದ ಕಲಿಯಬೇಕು. ಉಳಿದವರಿಗಾಗಿ ವಿಷಯ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಇವರು ತಮ್ಮ ಅವ್ವನ ಬಗ್ಗೆ ಬರೆದಿದ್ದರು (ಪಾವಗಡದ ಕಡೆಯ ತೆಲುಗು ಮನೆಗಳಲ್ಲಿ ಅವ್ವ ಅಂದರೆ ಅಜ್ಜಿ). ಇವರು ಕಳಿಸಿದ ಸಾಲು, "ಕಡಲೆಕಾಯಿ ಮಾರಿದ ದುಡ್ಡಲ್ಲಿ ಒಂದಿಷ್ಟನ್ನು ಅವ್ವ ಜೀರಿಗೆ ಡಬ್ಬಿಯಲ್ಲಿ ಎತ್ತಿಟ್ಟಿದ್ದಳು." ಅಚ್ಚಾದದ್ದು "ಬಚ್ಚಿಟ್ಟಿದ್ದಳು." ಓದಿದ ಚಿಕ್ಕಪ್ಪ ಫೋನ್ ಮಾಡಿ, "ನಮ್ಮಮ್ಮ ಯಾರಿಂದ ಬಚ್ಚಿಟ್ಟಳಂತೆ?" ಅಂದರಂತೆ. ಎರಡೂ ಒಂದೇ ಆಗಿದ್ದರೆ ಬದಲಿಸಿದ್ದೇಕೆ, ಬೇರೆಯಾಗಿದ್ದರೆ ಬದಲಿಸಲು ನೀವ್ಯಾರು? ಇದು ಇವರ ಪ್ರಶ್ನೆ.

ಬದಲಿಸಿದ್ದು ನಾನೇ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಅದರ ಹಿಂದಿನ ಸಾಲಲ್ಲಿ "ಪಾತ್ರೆ ತೊಳೆದು ಎತ್ತಿಟ್ಟು" ಎಂದಿತ್ತು. ಒಂದೇ ಪದ ಎರಡು ಸಲ ಬಂತಲ್ಲ ಎಂದು ಕೆಂಪು ಪೆನ್ನು ಆಡಿಸಿದೆ. ಪದ ಎರಡು ಸಲ ಬಂದರೆ ಓದುಗರಿಗೆ ಅಜೀರ್ಣವಾಗುತ್ತದೆ ಎಂಬುದು ಸಂಪಾದಕರ ಹಳೇ ಕಾಯಿಲೆ.

ಇವೆರಡೂ ಒಂದೇ ಅಲ್ಲ. ಆದರೆ ವ್ಯತ್ಯಾಸ ಇರುವುದು ದುಡ್ಡಲ್ಲೂ ಅಲ್ಲ, ಡಬ್ಬಿಯಲ್ಲೂ ಅಲ್ಲ. ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಡೆಯಲ್ಲ ಎಂದು ಟಿವಿಯಲ್ಲಿ ಬಂತು. ಮಾರನೇ ದಿನ ಬೆಳಿಗ್ಗೆ ಅಮ್ಮ ಸೆರಗು ಸಿಕ್ಕಿಸಿ, ರಾಗಿ ಡ್ರಮ್ಮಿಗೆ ಮೊಳಕೈವರೆಗೆ ಕೈ ಇಳಿಸಿ ಒಂದು ಬಟ್ಟೆ ಗಂಟು ತೆಗೆದರು. ಬಿಚ್ಚಿದರೆ ಐನೂರರ 17 ನೋಟು, ಮಡಿಕೆಯ ಸಂದಿಯಲ್ಲೆಲ್ಲ ರಾಗಿ. ಅಪ್ಪ ಕನ್ನಡಕ ಏರಿಸಿ, "ಇಷ್ಟು ದಿನ ಬಚ್ಚಿಟ್ಟಿದ್ದೆಯೇನೇ?" ಅಂದರು. ಅಮ್ಮ ತಲೆ ಎತ್ತಲಿಲ್ಲ. "ಎತ್ತಿಟ್ಟಿದ್ದೆ" ಅಂದು ರಾಗಿ ಕೊಡವುತ್ತಾ ಕೂತರು. ಇಟ್ಟವರ ಬಾಯಲ್ಲಿ ಅದು ಎತ್ತಿಟ್ಟದ್ದು, ಆಮೇಲೆ ಕಂಡವರ ಬಾಯಲ್ಲಿ ಬಚ್ಚಿಟ್ಟದ್ದು. ನಿಮ್ಮ ಸಾಲನ್ನು ಹೇಳುತ್ತಿದ್ದವಳು ಮೊಮ್ಮಗಳು. ನಾನು ತಿದ್ದಿದ ಮೇಲೆ ಅದನ್ನು ಹೇಳುತ್ತಿರುವವನು ಮನೆಗೆ ರೇಡಿಗೆ ಬಂದ ಅಧಿಕಾರಿ. ಚಿಕ್ಕಪ್ಪನವರಿಗೆ ಚುಚ್ಚಿದ್ದು ಅದೇ ಇರಬೇಕು.

ಇನ್ನು ಈ ಪದಗಳ ಬಾಲದಲ್ಲಿರುವ "ಇಡು" ನೋಡಿ. ಸಂಜೆ ಮನೆಯಲ್ಲಿ "ಹಾಲು ಕಾಯಿಸಿಬಿಡು" ಅಂದರೆ ಆ ಕೆಲಸ ಮುಗಿಸು ಎಂದಷ್ಟೇ. "ಕಾಯಿಸಿಡು" ಅಂದರೆ ಆಮೇಲೆ ಕುಡಿಯುವವರು ಯಾರೋ ಇದ್ದಾರೆ. ಅಕ್ಕಿ ನೆನೆಸಿಡು, ಚೀಟಿ ಬರೆದಿಡು, ಎಲ್ಲದರಲ್ಲೂ ಮುಂದಿನ ಹೊತ್ತೊಂದು ಕಾಯುತ್ತಾ ಕೂತಿರುತ್ತದೆ. ಎತ್ತಿಡು ಎಂಬುದರಲ್ಲಿ ಈ "ಇಡು" ಕಿತ್ತು ನೋಡಿ. "ದುಡ್ಡು ಎತ್ತಿಟ್ಟ" ಅಂದರೆ ಸಂಸಾರಸ್ಥ, "ದುಡ್ಡು ಎತ್ತಿದ" ಅಂದರೆ ಪೊಲೀಸರು ಬರಬೇಕು. ಮುಚ್ಚಿಡು ಎಂಬುದಕ್ಕೆ ಎರಡು ಮುಖ. ಅನ್ನ ಮುಚ್ಚಿಟ್ಟರೆ ನೊಣ ಕೂರಬಾರದೆಂದು, ವಿಷಯ ಮುಚ್ಚಿಟ್ಟರೆ ಜಗಳ. ನಮ್ಮ ಹಳ್ಳಿಗಳ "ಮಡಗು" ಮಾತ್ರ ಯಾರ ತಂಟೆಗೂ ಹೋಗುವುದಿಲ್ಲ. ಚೊಂಬು ಮಡಗು, ದುಡ್ಡು ಮಡಗು, ಕೊನೆಗೆ "ದೇವ್ರು ಮಡಗ್ದಂಗಿರಾದು."

ಬಚ್ಚಿಡು ಹುಟ್ಟಾ ಕೆಟ್ಟ ಪದವೇನಲ್ಲ. ಅದರ ಹಳೆಯ ರೂಪ ಬಯ್ಚಿಡು. ತಮಿಳಿನಲ್ಲಿ ಇಡುವುದಕ್ಕೆ "ವೈ" ಎನ್ನುತ್ತಾರಲ್ಲ, ಅದರ ನಂಟ. ಅವರ ವಾಳೈ ನಮ್ಮ ಬಾಳೆ, ಅವರ ವಿಲ್ ನಮ್ಮ ಬಿಲ್ಲು ಇದ್ದ ಹಾಗೆ ಇದೂ. 12ನೇ ಶತಮಾನದಲ್ಲಿ ಬಸವಣ್ಣನವರು "ಉದಕದೊಳಗೆ ಬಯ್ಚಿಟ್ಟ ಬಯ್ಕೆಯ ಕಿಚ್ಚು" (ನೀರಿನೊಳಗೆ ಅಡಗಿರುವ ಬೆಂಕಿ) ಎಂದಾಗ ಅಲ್ಲಿ ಕಳ್ಳತನವಿಲ್ಲ, ಕಣ್ಣಿಗೆ ಕಾಣದೆ ಇರುವುದಷ್ಟೇ ಇದೆ. "ಕೊಟ್ಟದ್ದು ತನಗೆ, ಬಚ್ಚಿಟ್ಟದ್ದು ಪರರಿಗೆ" ಎಂಬ ಗಾದೆಯಲ್ಲಿ ಅದು ಜಿಪುಣನ ಪಾಲಾಯಿತು. ನಿಮ್ಮ ಮನೆಮಾತು ಈ ವಿಷಯದಲ್ಲಿ ಉದಾರಿ. ಉಳಿಸುವುದಕ್ಕೂ ಅಡಗಿಸುವುದಕ್ಕೂ ತೆಲುಗಿನಲ್ಲಿ "ದಾಚು" ಒಂದೇ ಸಾಕು. ಅವ್ವ "ದಾಚಿಪೆಟ್ಟಿನಾ" ಅಂದಾಗ ಎರಡರಲ್ಲಿ ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ. ಕನ್ನಡಕ್ಕೆ ತರುವಾಗ ನೀವು ಒಂದನ್ನು ಆರಿಸಿದಿರಿ, ನಾನು ಇನ್ನೊಂದನ್ನು.

ಒಟ್ಟಾಗಿ ಇಡುವ ಮಾತು ಬಂದರೆ ನಮ್ಮ ತಿಪಟೂರಿನ ಕಡೆಯವರಿಗೆ ಕೊಬ್ಬರಿ ನೆನಪಾಗದೆ ಇರದು. ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಕಾಯುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಸಾವಿರಗಟ್ಟಲೆ ಕಾಯಿ ತಲೆಯ ಮೇಲೇ ಇದ್ದರೂ ಅದನ್ನು ಬಚ್ಚಿಟ್ಟರು ಅನ್ನುವವರಿಲ್ಲ. ಅದೇ ಬೇಳೆ ಮೂಟೆ ವರ್ತಕನ ಗೋದಾಮಿನಲ್ಲಿ ಮಿತಿ ಮೀರಿದರೆ 1955ರ ಅಗತ್ಯ ವಸ್ತುಗಳ ಕಾಯ್ದೆ ಬರುತ್ತದೆ, ಪೇಪರಿನಲ್ಲಿ "ಅಕ್ರಮ ದಾಸ್ತಾನು" ಎಂದು ಬರುತ್ತದೆ. (ಉರ್ದುವಿನಲ್ಲಿ ದಾಸ್ತಾನ್ ಅಂದರೆ ಕಥೆ. ನಮಗೆ ಮೂಟೆ.)

ಹಗೇವಿನದು ಇನ್ನೂ ಸೋಜಿಗ. ನೆಲದೊಳಗೆ ಗುಂಡಿ, ಸುತ್ತ ಹುಲ್ಲು, ಒಳಗೆ ವರ್ಷಗಟ್ಟಲೆ ಕೆಡದ ರಾಗಿ. ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿ ಸಾರಿಸಿಬಿಟ್ಟರೆ ಪರಊರಿನವನು ಅದರ ಮೇಲೆಯೇ ನಿಂತು ದಾರಿ ಕೇಳಿಯಾನು. ತೆಗೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು. ಆರಿದರೆ ಒಳಗೆ ಕೆಟ್ಟ ಗಾಳಿ ತುಂಬಿದೆ ಎಂದು ಅರ್ಥ, ಇಳಿದವನು ಉಳಿಯುವುದಿಲ್ಲ. ಇಷ್ಟು ಗುಟ್ಟಾಗಿದ್ದರೂ ಜನ ಹೇಳುತ್ತಿದ್ದುದು "ಹಗೇವಿಗೆ ತುಂಬಿದೀವಿ" ಎಂದೇ. ಊರಿಗೆಲ್ಲ ಗೊತ್ತಿದ್ದ ಮೇಲೆ ಬಚ್ಚಿಡುವ ಮಾತೆಲ್ಲಿ?

ಈ ಸಂಚಿಕೆಯ ತಿದ್ದುಪಡಿ ಅಂಕಣದಲ್ಲಿ ನಿಮ್ಮ ಪದವನ್ನು ನಿಮಗೆ ಮರಳಿಸಿದ್ದೇವೆ. ಪಾತ್ರೆಯೂ ಎತ್ತಿಟ್ಟದ್ದೇ, ದುಡ್ಡೂ ಎತ್ತಿಟ್ಟದ್ದೇ.

ಚಿಕ್ಕಪ್ಪನವರಿಗೆ ಒಂದು ಮಾತು. ಯಾರಿಂದ ಎಂದು ಕೇಳಿದ್ದೀರಿ. ಅವ್ವ ಆ ಡಬ್ಬಿಗೆ ಕೈ ಹಾಕುವ ಮುಂಚೆ "ಚಿಕ್ಕೋನು ಹೊರಗೆ ಹೋದನಾ ನೋಡು" ಎನ್ನುತ್ತಿದ್ದರು ಎಂದು ಲೇಖನದ ಕೊನೆಯಲ್ಲಿದೆ. ಅದನ್ನು ಬರೆದವರು ನಿಮ್ಮ ಅಣ್ಣನ ಮಗಳು. ಅಲ್ಲಿ ನಾನು ಒಂದಕ್ಷರವನ್ನೂ ಮುಟ್ಟಿಲ್ಲ.

ಸಂಪಾದಕ